ಡೇಟಾಬೇಸ್ ರೀಸ್ಟಾರ್ಟ್ ಮಾಡಿದ್ರೆ ಸರಿ ಹೋಗುತ್ತೆ, ಆಮೇಲೆ ಮತ್ತೆ ಅದೇ ಗೋಳು. ಏನ್ ನೋಡ್ಬೇಕು?

ರಾತ್ರಿಪಾಳಿ:

ನಮಸ್ಕಾರ ಎಲ್ಲರಿಗೂ. ಸ್ವಲ್ಪ ಉದ್ದ ಇದೆ, ಬೈಕೋಬೇಡಿ.

ನಾನು ಒಂದು ಸಣ್ಣ ಟೀಮ್‌ನಲ್ಲಿ ಡೇಟಾಬೇಸ್ ನೋಡ್ಕೋತೀನಿ. ಹೆಸರಿಗೆ ಡಿಬಿಎ, ಆದ್ರೆ ಸರ್ವರ್, ಬ್ಯಾಕಪ್, ಯಾರದ್ದೋ ಪಾಸ್‌ವರ್ಡ್ ರೀಸೆಟ್ ಎಲ್ಲಾ ನನ್ನ ತಲೆಗೇ. ನಮ್ಮದು ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್. ಅದರಲ್ಲಿ ಹಿಂದೆ ಓಡೋ ಕೆಲಸಗಳಿಗೆ ಅಂತ ಒಂದು ಕ್ಯೂ (ಸರದಿ) ಟೇಬಲ್ ಇದೆ, ಇಮೇಲ್ ಕಳ್ಸು, ಪಿಡಿಎಫ್ ಮಾಡು ಅಂತ ಆ್ಯಪ್ ಒಂದೊಂದು ರೋ (ಸಾಲು) ಹಾಕುತ್ತೆ, ವರ್ಕರ್ ಪ್ರೋಗ್ರಾಂಗಳು ಬಂದು ಒಂದೊಂದೇ ಎತ್ಕೊಂಡು ಸ್ಟೇಟಸ್ ಬದಲಾಯಿಸಿ ಕೆಲಸ ಮುಗಿದ್ಮೇಲೆ ಡಿಲೀಟ್ ಮಾಡ್ತಾವೆ. ಯಾವಾಗ ಕೌಂಟ್ ಮಾಡಿದ್ರೂ ಅಲ್ಲಿರೋದು ಕೆಲವು ನೂರು ರೋ, ಅಷ್ಟೇ. ಅಷ್ಟು ಚಿಕ್ಕ ಟೇಬಲ್‌ನಲ್ಲಿ "ಮುಂದಿನ ಕೆಲಸ ಕೊಡು" ಅನ್ನೋ ಕ್ವೆರಿ, ಬೇಗ ಹುಡುಕೋಕೆ ಇಂಡೆಕ್ಸ್ (ಸೂಚಿ) ಇದ್ದೂ, ಸೆಕೆಂಡ್‌ಗಟ್ಟಲೆ ತಗೊಳ್ಳುತ್ತೆ. ಬೆಳಿಗ್ಗೆ ಚೆನ್ನಾಗೇ ಇರುತ್ತೆ, ಮಧ್ಯಾಹ್ನ ಎಳೆಯೋಕೆ ಶುರು ಆಗುತ್ತೆ, ಸಂಜೆ ಹೊತ್ತಿಗೆ ಸಿಪಿಯು ಮೇಲೆ ಹೋಗಿ ಕೂತ್ಬಿಟ್ಟಿರುತ್ತೆ. ಟೆಸ್ಟ್ ಸರ್ವರ್‌ನಲ್ಲಿ ಅದೇ ಕ್ವೆರಿ ಕಣ್ಣು ಮಿಟುಕಿಸೋದ್ರೊಳಗೆ ಮುಗಿಯುತ್ತೆ.

ರೀಸ್ಟಾರ್ಟ್ ಮಾಡಿದ್ರೆ ಎಲ್ಲಾ ಸರಿ. ಇದೇ ನನ್ನ ತಲೆನೋವು. ಸರಿ ಹೋಗದೇ ಇದ್ದಿದ್ರೆ ಯಾರಾದ್ರೂ ಕೂತು ಕಾರಣ ಹುಡುಕ್ತಿದ್ರು. ಸರಿ ಹೋಗುತ್ತಲ್ಲಾ, ಅದಕ್ಕೇ ಯಾರಿಗೂ ಕಾರಣ ಬೇಡ. ಮ್ಯಾನೇಜರ್ ಅಂತೂ "ದಿನಾ ರಾತ್ರಿ ಒಂದು ಕ್ರಾನ್ ಹಾಕಿ ರೀಸ್ಟಾರ್ಟ್ ಮಾಡ್ಬಿಡಿ, ಯಾಕೆ ತಲೆ ಕೆಡಿಸ್ಕೋತೀರ" ಅಂದ್ರು, ಹೊತ್ತಿಗೆ ಸರಿಯಾಗಿ ತಾನೇ ಓಡೋ ಆ ಕ್ರಾನ್ ಹಾಕಿದ್ದೂ ಆಯ್ತು. ಮೆಮೊರಿ ಜಾಸ್ತಿ ಮಾಡಿಸಿದ್ರು, ಏನೂ ಪ್ರಯೋಜನ ಆಗ್ಲಿಲ್ಲ. ಡೆವಲಪರ್‌ಗಳನ್ನ ಕೇಳಿದ್ರೆ "ನಮ್ಮ ಕೋಡ್ ತಿಂಗಳಿಂದ ಬದಲಾಗಿಲ್ಲ". ನೆಟ್‌ವರ್ಕ್‌ನವ್ರು ಪಿಂಗ್ ಮಾಡಿ "ನಮ್ಮ ಕಡೆ ಕ್ಲೀನ್" ಅಂತ ಟಿಕೆಟ್ ನನ್ನ ಹೆಸರಿಗೇ ತಿರುಗಿಸ್ತಾರೆ. ಆ ಟಿಕೆಟ್ ಓದಿದ್ರೆ ಒಳಗೆ ಇರೋದು ಎರಡೇ ಪದ, "ಡಿಬಿ ಸ್ಲೋ". ಯಾವ ಸ್ಕ್ರೀನು, ಎಷ್ಟ್ ಹೊತ್ತಿಗೆ, ಯಾರಿಗೆ, ಒಂದೂ ಇಲ್ಲ. ಪ್ರಯಾರಿಟಿ ಮಾತ್ರ ಕ್ರಿಟಿಕಲ್.

ಕ್ವೆರಿ ಹೆಂಗೆ ಓಡುತ್ತೆ ಅಂತ ತೋರಿಸೋ ಎಕ್ಸ್‌ಪ್ಲೇನ್ ಅನಲೈಜ್ ಹಾಕಿ ನೋಡಿದೆ, ಇಂಡೆಕ್ಸನ್ನೇ ಬಳಸ್ತಿದೆ, ಪ್ಲಾನ್ ಟೆಸ್ಟ್‌ನಲ್ಲಿ ಇರೋದೇ, ಆದ್ರೆ ಓದೋ ಬಫರ್‌ಗಳ (ಡೇಟಾ ಪೇಜ್‌ಗಳ) ಲೆಕ್ಕ ಮಾತ್ರ ಸಿಕ್ಕಾಪಟ್ಟೆ. ನೂರಿನ್ನೂರು ರೋಗೆ ಅಷ್ಟೊಂದು ಪೇಜ್ ಯಾಕೆ ಓದುತ್ತೆ ಅಂತ ಅರ್ಥ ಆಗ್ತಿಲ್ಲ. ರೀಸ್ಟಾರ್ಟ್ ಮಾಡೋಕೆ ಮುಂಚೆ ಏನೇನು ಎತ್ತಿಟ್ಕೋಬೇಕು? ಇನ್ನೊಂದು, ಈ ರೀಸ್ಟಾರ್ಟ್ ಚಟ ಬಿಡಿಸೋದು ಹೆಂಗೆ?

ಕೋಡ್_ಕೂಲಿ:

ಗುರು, ನಾನು ಆ ಕಡೆಯವ್ನು, ಡೆವಲಪರ್. "ನಮ್ಮ ಕೋಡ್ ಬದಲಾಗಿಲ್ಲ" ಅಂತ ನಾನೂ ಎಷ್ಟೋ ಸಲ ಹೇಳಿದೀನಿ, ಅದು ನಿಜಾನೇ ಇರುತ್ತೆ ಕೂಡ. ಕೋಡ್ ಬದಲಾಗಿರಲ್ಲ, ಡೇಟಾ ಬೆಳೆದಿರುತ್ತೆ. ಒಂದು ಪಟ್ಟಿ ತೋರಿಸೋ ಪೇಜು, ಓಆರ್‌ಎಂ (ಕೋಡ್‌ನಿಂದ ತಾನೇ ಕ್ವೆರಿ ಬರೆಯೋ ಲೈಬ್ರರಿ) ಮೊದಲು ಪಟ್ಟಿಗೆ ಒಂದು ಕ್ವೆರಿ ಕಳ್ಸುತ್ತೆ, ಆಮೇಲೆ ಒಂದೊಂದು ಸಾಲಿಗೂ ಒಂದೊಂದು ಕ್ವೆರಿ. ಹತ್ತು ಸಾಲು ಇದ್ದಾಗ ಯಾರಿಗೂ ಗೊತ್ತಾಗಲ್ಲ, ಐನೂರು ಸಾಲು ಆದಾಗ ಪೇಜ್ ತಿರುಗ್ತಾ ತಿರುಗ್ತಾ ಇರುತ್ತೆ, ಡಿಬಿ ಲಾಗ್‌ನಲ್ಲಿ ನೋಡಿದ್ರೆ ಒಂದೊಂದು ಕ್ವೆರಿನೂ ಮಿಲಿಸೆಕೆಂಡ್ ಒಳಗೇ ಇರುತ್ತೆ, ಡಿಬಿಎ "ಸ್ಲೋ ಕ್ವೆರಿ ಒಂದೂ ಇಲ್ಲ" ಅಂತಾನೆ, ನಾನು "ಹಂಗಾದ್ರೆ ನೆಟ್‌ವರ್ಕ್" ಅಂತೀನಿ, ಹಿಂಗೇ ಒಂದು ವಾರ ಹೋಗುತ್ತೆ. ಒಟ್ಟು ಎಷ್ಟು ಸಲ ಓಡ್ತು ಅಂತ ನೋಡಬೇಕು, ಕ್ವೆರಿಗಳ ಲೆಕ್ಕ ಇಡೋ ಪಿಜಿ ಸ್ಟ್ಯಾಟ್ ಸ್ಟೇಟ್‌ಮೆಂಟ್ಸ್‌ನಲ್ಲಿ ಕಾಲ್ಸ್ ಅನ್ನೋ ಕಾಲಂ ಇದೆಯಲ್ಲ, ಅದನ್ನ ಯಾರೂ ನೋಡಲ್ಲ.

ಆದ್ರೆ ನಿಮ್ ಕೇಸ್ ಅದಲ್ಲ ಅನ್ಸುತ್ತೆ, ಒಂದೇ ಕ್ವೆರಿ ಸ್ಲೋ ಅಂತಿದೀರಲ್ಲ. ವರ್ಕರ್‌ಗಳು ಒಬ್ಬರಿಗೊಬ್ಬರು ಲಾಕ್‌ಗೆ ಕಾಯ್ತಿಲ್ಲ ತಾನೆ? ಕ್ವೆರಿಲಿ ಸ್ಕಿಪ್ ಲಾಕ್ಡ್ (ಬೇರೆಯವ್ರು ಲಾಕ್ ಮಾಡಿದ ರೋ ಬಿಟ್ಟು ಮುಂದೆ ಹೋಗು ಅಂತ) ಹಾಕಿದಾರಾ ನೋಡಿ, ಪೋಸ್ಟ್‌ಗ್ರೆಸ್ 9.5 ಇಂದ ಇದೆ ಅದು. ಹಾಕಿಲ್ಲ ಅಂದ್ರೆ ಎಲ್ಲಾ ವರ್ಕರ್‌ಗಳೂ ಒಂದೇ ರೋ ಮುಂದೆ ಸಾಲಾಗಿ ನಿಂತಿರ್ತಾವೆ.

ಇನ್ನೊಂದು ಮಾತು, ಬೇಜಾರಾಗ್ಬೇಡಿ. ಡಿಬಿಎಗಳು ನಮ್ಮನ್ನ ಬೈತೀರ, ಆದ್ರೆ ಪ್ರೊಡಕ್ಷನ್‌ನಲ್ಲಿ ಎಕ್ಸ್‌ಪ್ಲೇನ್ ಓಡಿಸೋಕೂ ನಮಗೆ ಪರ್ಮಿಷನ್ ಕೊಡಲ್ಲ. ಟೆಸ್ಟ್ ಡಿಬಿಲಿ ಐನೂರು ರೋ ಇಟ್ಟು "ಚೆನ್ನಾಗಿ ಬರೀರಿ" ಅಂದ್ರೆ ಎಲ್ಲಿಂದ ಬರೆಯೋದು? ಅಷ್ಟು ರೋಗೆ ಪ್ಲಾನರ್ (ಕ್ವೆರಿ ಹೆಂಗೆ ಓಡ್ಬೇಕು ಅಂತ ನಿರ್ಧರಿಸೋ ಭಾಗ) ಎಷ್ಟೋ ಸಲ ಇಂಡೆಕ್ಸನ್ನ ಮುಟ್ಟೋದೇ ಇಲ್ಲ, ಇಡೀ ಟೇಬಲ್ ಓದೋದೇ ಅದಕ್ಕೆ ಅಗ್ಗ.

ಸುಮ್ನೆ_ನೋಡ್ತಿದ್ದೆ:

ಕ್ಯೂನ ಡೇಟಾಬೇಸ್‌ನಲ್ಲಿ ಯಾಕೆ ಇಟ್ಟಿದೀರ? ಅದಕ್ಕೇ ಅಂತ ಬೇರೆ ಸಾಫ್ಟ್‌ವೇರ್ ಇದೆ, ಕಾಫ್ಕಾ ಹಾಕಿ, ಇಲ್ಲ ರ‍್ಯಾಬಿಟ್‌ಎಂಕ್ಯೂ ಹಾಕಿ. ಮುಗೀತು.

ರಾತ್ರಿಪಾಳಿ:

@ಕೋಡ್_ಕೂಲಿ ಸ್ಕಿಪ್ ಲಾಕ್ಡ್ ಇದೆ ಗುರು, ಅದನ್ನೇ ಮೊದಲು ನೋಡಿದ್ದು. ಲಾಕ್‌ಗೆ ಯಾರೂ ಕಾಯ್ತಿಲ್ಲ, ಸಿಪಿಯುನೇ ತಿಂತಿದೆ. ಪರ್ಮಿಷನ್ ವಿಷ್ಯ ಒಪ್ತೀನಿ, ಆದ್ರೆ ಅದು ನನ್ನ ಕೈಲಿಲ್ಲ, ಸೆಕ್ಯುರಿಟಿ ಟೀಮ್ ಹತ್ರ ಹೋಗಿ ಜಗಳ ಆಡಿ.

@ಸುಮ್ನೆ_ನೋಡ್ತಿದ್ದೆ ಹೂಂ, ಒಂದು ಟೇಬಲ್ ಯಾಕೆ ಸ್ಲೋ ಅಂತ ಗೊತ್ತಾಗ್ದೇ ಇರೋ ಟೀಮ್‌ಗೆ ಇನ್ನೊಂದು ಕ್ಲಸ್ಟರ್ ಕೊಟ್ರೆ ಅದನ್ನೂ ದಿನಾ ರಾತ್ರಿ ರೀಸ್ಟಾರ್ಟ್ ಮಾಡ್ತೀವಿ.

ಹಳೇ_ಡಿಬಿಎ:

ತಮ್ಮಾ, ನೀ ಬರೆದದ್ರಾಗ ಉತ್ತರ ಅರ್ಧ ಅದ ನೋಡು. ರೋ ಕಡಿಮಿ, ಪೇಜ್ ಜಾಸ್ತಿ, ದಿನ ಹೋದಂಗ ನಿಧಾನ, ರೀಸ್ಟಾರ್ಟ್ ಮಾಡಿದ್ರ ಚಲೋ. ಇವು ನಾಕೂ ಕೂಡಿ ಬಂದ್ರ ಮೊದಲ ಕೇಳಬೇಕಾದ್ದು ಒಂದ ಪ್ರಶ್ನಿ: ಮುಂಜಾನಿಯಿಂದ ತೆರೆದಿಟ್ಟು ಮುಗಸದ ಬಿಟ್ಟ ಟ್ರಾನ್ಸಾಕ್ಷನ್ (ಒಂದ ಗಂಟಾಗಿ ನಡಿಯೋ ಕೆಲಸ) ಯಾರದ್ದು?

ಪೋಸ್ಟ್‌ಗ್ರೆಸ್ ಒಂದು ರೋ ಅಪ್‌ಡೇಟ್ ಮಾಡಿದಾಗ ಹಳೇದನ್ನ ಅಳಿಸಂಗಿಲ್ಲ, ಬಾಜೂಕ ಹೊಸಾದೊಂದು ಬರೀತೈತಿ. ಡಿಲೀಟ್ ಮಾಡಿದ್ರೂ ಅಷ್ಟ, ಸತ್ತೈತಿ ಅಂತ ಗುರುತು ಹಾಕಿ ಬಿಡತೈತಿ. ಯಾಕಂದ್ರ ನಿನಗಿಂತ ಮೊದಲ ಶುರು ಮಾಡಿದಾವ ಯಾರರ ಇದ್ರ ಅವಂಗ ಹಳೇ ಚಿತ್ರನ ಕಾಣಬೇಕಲ್ಲ. ಇದು ಇವತ್ತಿನ ತಲಿನೋವು ಅಲ್ಲ, 1986ರಾಗ ಬರ್ಕ್ಲಿಯೊಳಗ ಸ್ಟೋನ್‌ಬ್ರೇಕರ್ ಅವರು ಇದನ್ನ ಶುರು ಮಾಡಿದಾಗ ಹಳೇ ರೋ ಉಳಿಸಿಕೊಳ್ಳೂದು ಒಂದು ಸೌಲಭ್ಯ ಅಂತನ ಮಾಡಿದ್ರು, ಹಿಂದಿನ ತಾರೀಖಿನ ಡೇಟಾ ಕೇಳಿದ್ರ ಕೊಡಬೇಕು ಅಂತ. ಆ ಸೌಲಭ್ಯ ತೆಗೆದು ಎಷ್ಟೋ ವರ್ಷ ಆತು, ಕಸ ಗುಡಿಸೋ ಕೆಲಸ ಮಾತ್ರ ನಮಗ ಉಳೀತು.

ಗುಡಿಸೋದು ವ್ಯಾಕ್ಯೂಮ್. ಆಟೋವ್ಯಾಕ್ಯೂಮ್ ನಿಮಿಷಕ್ಕೊಮ್ಮೆ ಎದ್ದು ನೋಡತೈತಿ, ಆದ್ರ ಒಬ್ಬಾವ ಹಳೇ ಸ್ನ್ಯಾಪ್‌ಶಾಟ್ (ಆ ಹೊತ್ತಿನ ಡೇಟಾ ಚಿತ್ರ) ಹಿಡಕೊಂಡು ಕುಂತಿದ್ರ, ಆವ ಶುರು ಮಾಡಿದ ಮ್ಯಾಲೆ ಸತ್ತ ಯಾವ ರೋನೂ ಅದು ತೆಗೆಯಂಗಿಲ್ಲ. ಆವ ನಿನ್ನ ಕ್ಯೂ ಟೇಬಲ್ ಮುಟ್ಟಿರಬೇಕು ಅಂತ ಏನಿಲ್ಲ, ಅದ ಡೇಟಾಬೇಸ್‌ನ್ಯಾಗ ಬ್ಯಾರೆ ಯಾವುದರ ಟೇಬಲ್ ಓದಿ ಸುಮ್ಮನ ಕುಂತಿದ್ರೂ ಸಾಕು. ಇಲ್ಲೇ ಎಲ್ಲಾರೂ ತಪ್ಪತಾರ, ಕ್ಯೂ ಟೇಬಲ್ ಸ್ಲೋ ಅಂತ ಕ್ಯೂ ಟೇಬಲ್‌ನ್ಯಾಗ ಹುಡುಕತಾರ. ನಿನ್ನ ಟೇಬಲ್‌ನ್ಯಾಗ ಜೀವಂತ ಇರೂದು ಇನ್ನೂರು, ಸತ್ತದ್ದು ಲಕ್ಷಗಟ್ಟಲೆ. ಇಂಡೆಕ್ಸ್ ಹಿಡಕೊಂಡು ಹೋದ ಕ್ವೆರಿ ಒಂದೊಂದು ಹೆಣಾನೂ ಎತ್ತಿ ನೋಡಿ ಮುಂದ ಹೋಗಬೇಕು.

ರೀಸ್ಟಾರ್ಟ್ ಮಾಡಿದ್ರ ಆ ಸೆಷನ್ ಸಾಯತೈತಿ, ಆಟೋವ್ಯಾಕ್ಯೂಮ್ ಬಂದು ಗುಡಿಸತೈತಿ, ಎಲ್ಲಾ ಚಲೋ ಆತು ಅಂತ ಮಂದಿ ಮನೀಗೆ ಹೋಗತಾರ. ಸಾಕ್ಷಿನೂ ಅದರ ಕೂಡ ಹೋತು.

ಹಂಗಾಗಿ ಈ ಸಲ ರೀಸ್ಟಾರ್ಟ್ ಮಾಡೂಕಿಂತ ಮೊದಲ ಯಾವ ಸೆಷನ್ ಏನ್ ಮಾಡತೈತಿ ಅಂತ ತೋರಿಸೋ ಪಿಜಿ ಸ್ಟ್ಯಾಟ್ ಆ್ಯಕ್ಟಿವಿಟಿ ಪೂರಾ ಒಂದು ಫೈಲಿಗೆ ತೆಗೆದಿಡು. ಎಕ್ಸ್‌ಆ್ಯಕ್ಟ್ ಸ್ಟಾರ್ಟ್ (ಟ್ರಾನ್ಸಾಕ್ಷನ್ ಶುರುವಾದ ಹೊತ್ತು) ಪ್ರಕಾರ ಜೋಡಿಸಿ ಎಲ್ಲಾಕಿಂತ ಹಳೇದು ಯಾವುದು ನೋಡು, ಬ್ಯಾಕೆಂಡ್ ಎಕ್ಸ್‌ಮಿನ್ ಕಾಲಂ ತುಂಬೈತೇನು ನೋಡು, ತುಂಬಿದ್ರ ಆವ ಸ್ನ್ಯಾಪ್‌ಶಾಟ್ ಹಿಡಕೊಂಡಾನ ಅಂತ. ಪಿಜಿ ಸ್ಟ್ಯಾಟ್ ಯೂಸರ್ ಟೇಬಲ್ಸ್‌ನ್ಯಾಗ ಡೆಡ್ ಟಪಲ್ (ಸತ್ತ ರೋ) ಲೆಕ್ಕ ನೋಡು. ಆಮ್ಯಾಲೆ ಆ ಟೇಬಲ್ ಮ್ಯಾಲೆ ಕೈಯಾರೆ ವ್ಯಾಕ್ಯೂಮ್ ವರ್ಬೋಸ್ ಓಡಿಸು, ಸತ್ತಾವು ಅದಾವ ಆದ್ರ ಈಗ ತೆಗೆಯಾಕ ಬರಂಗಿಲ್ಲ ಅಂತ ಅದ ಹೇಳತೈತಿ. ಅಲ್ಲಿ ಯಾವ ಸೆಷನ್ನೂ ಸಿಗಲಿಲ್ಲ ಅಂದ್ರ ಯಾರೋ ಮರೆತು ಬಿಟ್ಟ ರೆಪ್ಲಿಕೇಷನ್ ಸ್ಲಾಟ್ (ನಕಲು ಸರ್ವರ್‌ಗೆ ಅಂತ ಕಾದಿಡೋ ಗುರುತು) ಇರಬಹುದು, ಸ್ಟ್ಯಾಂಡ್‌ಬೈ (ನಕಲು ಸರ್ವರ್) ಇದ್ದು ಅದರ ಫೀಡ್‌ಬ್ಯಾಕ್ ಸೆಟ್ಟಿಂಗ್ ಆನ್ ಇದ್ರ ಅಲ್ಲಿ ಓಡೋ ಉದ್ದನ್ನ ಕ್ವೆರಿನೂ ಹಿಂಗ ತಡೀತೈತಿ.

ಬೇಗ_ಮನೆಗೆ:

ಇಷ್ಟೆಲ್ಲಾ ಯಾಕೆ ಸರ್, ಕ್ರಾನ್ ಇದೆ, ರಾತ್ರಿ ಯಾರೂ ಇರಲ್ಲ, ರೀಸ್ಟಾರ್ಟ್ ಆಗ್ತಿದೆ, ಯೂಸರ್ ಖುಷಿ. ಕಾರಣ ಹುಡುಕಿದ್ರೆ ಯಾರೂ ಪ್ರಮೋಷನ್ ಕೊಡಲ್ಲ. ಅನುಭವದ ಮಾತು.

ವರದಿ_ಅಕ್ಕ:

ನಾನು ರಿಪೋರ್ಟ್ ಕಡೆ ಕೆಲಸ ಮಾಡೋಳು, ಸಾಮಾನ್ಯವಾಗಿ ಇಲ್ಲಿ ಓದಿ ಸುಮ್ನೆ ಹೋಗ್ತೀನಿ, ಆದ್ರೆ ಇದನ್ನ ಓದಿ ಒಂದು ವಿಷ್ಯ ಹೇಳ್ಬೇಕು ಅನ್ನಿಸ್ತು. ನಮ್ಮ ರಿಪೋರ್ಟ್ ಟೂಲ್‌ಗಳಲ್ಲಿ ಬಹಳಷ್ಟು ಹಿಂಗೇ ಇರುತ್ತೆ, ಬೆಳಿಗ್ಗೆ ಬಂದು ವಿಂಡೋ ತೆಗೆದ್ರೆ ಸಂಜೆವರ್ಗೂ ಕನೆಕ್ಷನ್ ಹಿಡ್ಕೊಂಡೇ ಇರುತ್ತೆ. ಅದ್ರಲ್ಲೂ ಮೊದಲ ಪುಟದ ಒಟ್ಟು ಮತ್ತೆ ಕೊನೇ ಪುಟದ ಒಟ್ಟು ಹೊಂದ್ಬೇಕು ಅಂತ ರಿಪೀಟಬಲ್ ರೀಡ್ ಅಂತ ಒಂದು ಆಯ್ಕೆ ಇರುತ್ತೆ, ಟ್ರಾನ್ಸಾಕ್ಷನ್ ಮುಗಿಯೋವರ್ಗೂ ಮೊದಲು ಕಂಡ ಚಿತ್ರವನ್ನೇ ತೋರಿಸೋದು, ಅದನ್ನ ಆನ್ ಮಾಡಿಟ್ಟಿರ್ತಾರೆ. ಅದು ತಪ್ಪು ಅಂತಲ್ಲ, ಆಡಿಟ್‌ನವ್ರು ಎರಡು ಪುಟದಲ್ಲಿ ಎರಡು ಲೆಕ್ಕ ನೋಡಿದ್ರೆ ಬಿಡ್ತಾರಾ? @ರಾತ್ರಿಪಾಳಿ, ನಿಮ್ಮ ಕಡೆ ರಿಪೋರ್ಟ್ ಟೀಮ್ ಯಾವ ಟೂಲ್ ಬಳಸ್ತಾರೆ ಅಂತ ಒಂದ್ಸಲ ವಿಚಾರಿಸಿ.

"ಡಿಬಿ ಸ್ಲೋ" ಅಂತ ನಿಮಗೆ ಬರೋ ಹಾಗೆ ನಮಗೆ ಬರೋದು "ಡಿಬಿಲಿ ಡೇಟಾ ತಪ್ಪಿದೆ". ಡಿಬಿಲಿ ಸರಿಯಾಗೇ ಇರುತ್ತೆ ರೀ, ಯಾರೋ ಸಿಎಸ್‌ವಿ ಇಳಿಸ್ಕೊಂಡು ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿರ್ತಾರೆ. ಕೋಡ್ ಮುಂದಿನ ಸೊನ್ನೆ ಮಾಯ, ಉದ್ದದ ಅಕೌಂಟ್ ನಂಬರ್ 15 ಅಂಕಿ ಆದ್ಮೇಲೆ ಎಲ್ಲಾ ಸೊನ್ನೆ, 3-4 ಅನ್ನೋ ಸೈಜು ತಾರೀಖು ಆಗಿರುತ್ತೆ. ಆಮೇಲೆ ಅದನ್ನೇ ಸೇವ್ ಮಾಡಿ "ಇದನ್ನ ಅಪ್‌ಲೋಡ್ ಮಾಡಿ" ಅಂತ ವಾಪಸ್ ಕಳಿಸ್ತಾರೆ, ಈಗ ಡಿಬಿಲೂ ತಪ್ಪು. ಇದು ನಮ್ಮೊಬ್ಬರ ಗೋಳಲ್ಲ ಅನ್ನೋದೇ ಸಮಾಧಾನ. ಮನುಷ್ಯರ ಜೀನ್‌ಗಳಿಗೆ ಹೆಸರಿಡೋ ಅಂತರರಾಷ್ಟ್ರೀಯ ಸಮಿತಿಯವ್ರು 2020ರಲ್ಲಿ ಹೆಸರುಗಳನ್ನೇ ಬದಲಾಯಿಸಬೇಕಾಯ್ತು, ಮಾರ್ಚ್1 ಅನ್ನೋ ಜೀನ್ ಎಕ್ಸೆಲ್‌ನಲ್ಲಿ ಮಾರ್ಚ್ ಒಂದನೇ ತಾರೀಖು ಆಗ್ತಿತ್ತು ಅಂತ ಅದನ್ನ ಮಾರ್ಚ್‌ಎಫ್1 ಮಾಡಿದ್ರು. ವಿಜ್ಞಾನಿಗಳೇ ಸೋತ್ರು, ಸಾಫ್ಟ್‌ವೇರ್ ಗೆಲ್ತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಕೋವಿಡ್ ಪಾಸಿಟಿವ್ ಬಂದವ್ರ ಪೈಕಿ ಹತ್ತಿರತ್ತಿರ 16,000 ಜನರ ದಾಖಲೆ ಸಮಯಕ್ಕೆ ಮುಂದೆ ಹೋಗ್ಲಿಲ್ಲ, ಯಾಕಂದ್ರೆ ಹಳೇ ಎಕ್ಸ್‌ಎಲ್‌ಎಸ್ ಫೈಲ್‌ನಲ್ಲಿ ಹಿಡಿಯೋದು 65,536 ಸಾಲು, ಮಿಕ್ಕಿದ್ದು ಸದ್ದಿಲ್ಲದೆ ಕಟ್. ಎರರ್ ಕೊಟ್ಟಿದ್ರೆ ಯಾರಾದ್ರೂ ನೋಡ್ತಿದ್ರು.

ಅದಕ್ಕೇ ನನಗೆ ಸ್ಲೋ ಆಗೋ ಸಿಸ್ಟಂ ಬಗ್ಗೆ ಅಷ್ಟು ಕೋಪ ಇಲ್ಲ, ಕೊನೇಪಕ್ಷ ಅದು ಗೊತ್ತಾಗುತ್ತೆ.

ಬರಿ_ಸೆಲೆಕ್ಟ್:

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸ್ತೀನಿ, ಕನ್ನಡ ಹೆಸರುಗಳ ಕಥೆ. ಒರಾಕಲ್‌ನಲ್ಲಿ ವರ್ಕ್ಯಾರ್2 ಅಂತ 20 ಕೊಟ್ರೆ ಡೀಫಾಲ್ಟ್ ಆಗಿ ಅದು 20 ಬೈಟ್, 20 ಅಕ್ಷರ ಅಲ್ಲ. ಯುಟಿಎಫ್-8ರಲ್ಲಿ ನಮ್ಮ ಲಿಪಿಗೆ ಒಂದೊಂದು ಕೋಡ್‌ಪಾಯಿಂಟ್‌ಗೂ (ಯುನಿಕೋಡ್ ಚಿಹ್ನೆಗೂ) 3 ಬೈಟ್, ಸ್ವರಚಿಹ್ನೆ, ಒತ್ತಿನ ವಿರಾಮ ಎಲ್ಲಾ ಬೇರೆ ಬೇರೆ ಲೆಕ್ಕ. ವಿಶ್ವನಾಥ ಅಂತ ಬರೆದ್ರೆ ಕಣ್ಣಿಗೆ ನಾಲ್ಕು ಅಕ್ಷರ, ಒಳಗೆ 8 ಕೋಡ್‌ಪಾಯಿಂಟು, 24 ಬೈಟು. ಹಿಡಿಯಲ್ಲ, ಎರರ್. ಎಸ್‌ಕ್ಯೂಎಲ್ ಸರ್ವರ್‌ನಲ್ಲಾದ್ರೆ ಕೋಟ್ ಮುಂದೆ ಎನ್ ಹಾಕೋದು ಮರೆತ್ರೆ ಎರರ್ ಕೂಡ ಇಲ್ಲ, ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು. ಅದು ಒಳಗೆ ಕೂತ್ಮೇಲೆ ವಾಪಸ್ ಬರೋ ದಾರೀನೇ ಇಲ್ಲ, ಮೂಲ ಫೈಲ್ ಇದ್ರೆ ಪುಣ್ಯ.

ಮುಖ್ಯ ವಿಷ್ಯಕ್ಕೆ ಬಂದ್ರೆ, ನಾನು ಪೋಸ್ಟ್‌ಗ್ರೆಸ್ ಅಲ್ಲ, ಆದ್ರೂ ಹಳೇ_ಡಿಬಿಎ ಹೇಳಿದ ಕಾಯಿಲೆ ಎಲ್ಲಾ ಕಡೆ ಇದೆ, ಬೇರೆ ಬೇರೆ ವೇಷ ಅಷ್ಟೇ. ಒರಾಕಲ್ ಹಳೇ ಆವೃತ್ತಿನ ಟೇಬಲ್‌ನಲ್ಲಿ ಇಡಲ್ಲ, ಅನ್‌ಡೂ ಅನ್ನೋ ಬೇರೆ ಜಾಗದಲ್ಲಿ ಇಡುತ್ತೆ, ಹಂಗಾಗಿ ಕಸ ಟೇಬಲ್‌ನಲ್ಲಿ ಸೇರಲ್ಲ, ಬದಲಿಗೆ ಉದ್ದದ ರಿಪೋರ್ಟ್ ಓಡಿಸೋನಿಗೇ ಏಟು, ಗಂಟೆಗಟ್ಟಲೆ ಓಡಿ ಕೊನೇಲಿ ಓಆರ್‌ಎ-01555, ಸ್ನ್ಯಾಪ್‌ಶಾಟ್ ಟೂ ಓಲ್ಡ್. ಮೈಎಸ್‌ಕ್ಯೂಎಲ್‌ನಲ್ಲಿ ರಿಪೀಟಬಲ್ ರೀಡೇ ಡೀಫಾಲ್ಟ್, ಟ್ರಾನ್ಸಾಕ್ಷನ್ ತೆಗೆದು ಒಂದು ಸೆಲೆಕ್ಟ್ ಹಾಕಿ ಕಮಿಟ್ ಮಾಡ್ದೆ ಹೋದ್ರೆ ಹಿಸ್ಟರಿ ಲಿಸ್ಟ್ ಲೆಂತ್ (ಗುಡಿಸದೆ ಉಳಿದ ಹಳೇ ಆವೃತ್ತಿಗಳ ಲೆಕ್ಕ) ಬೆಳೀತಾ ಹೋಗುತ್ತೆ. ಯಾರು ದಂಡ ಕಟ್ಟಬೇಕು ಅನ್ನೋದ್ರಲ್ಲಿ ಮಾತ್ರ ವ್ಯತ್ಯಾಸ.

ರಾತ್ರಿಪಾಳಿ:

ಸಿಕ್ತು!!

ಕ್ರಾನ್ ಒಂದು ರಾತ್ರಿ ನಿಲ್ಲಿಸಿ (ಯಾರಿಗೂ ಹೇಳ್ಲಿಲ್ಲ) ಮಾರನೇ ದಿನ ಸಂಜೆವರ್ಗೂ ಕಾದೆ. ಎಕ್ಸ್‌ಆ್ಯಕ್ಟ್ ಸ್ಟಾರ್ಟ್ ಪ್ರಕಾರ ಜೋಡಿಸಿದಾಗ ಮೊದಲ ಸಾಲಲ್ಲೇ ಕೂತಿತ್ತು ಮಹಾಶಯ, ಐಡಲ್ ಇನ್ ಟ್ರಾನ್ಸಾಕ್ಷನ್ (ಟ್ರಾನ್ಸಾಕ್ಷನ್ ತೆರೆದಿಟ್ಟು ಸುಮ್ನೆ ಕೂತಿರೋದು), ಹಿಂದಿನ ದಿನದಿಂದ. ಬ್ಯಾಕೆಂಡ್ ಎಕ್ಸ್‌ಮಿನ್ ತುಂಬಿದೆ. ಕೊನೇ ಕ್ವೆರಿ ನೋಡಿದ್ರೆ ನಮ್ಮ ಕ್ಯೂ ಟೇಬಲ್‌ಗೂ ಅದಕ್ಕೂ ಸಂಬಂಧಾನೇ ಇಲ್ಲ, ಯಾವುದೋ ತಿಂಗಳ ಒಟ್ಟು ಲೆಕ್ಕ. ಯೂಸರ್ ಹೆಸರು ನೋಡಿದ್ರೆ ರಿಪೋರ್ಟ್ ಟೂಲ್, ವರದಿ_ಅಕ್ಕ ಹೇಳಿದ್ದು ಅಕ್ಷರಶಃ, ರಿಪೀಟಬಲ್ ರೀಡ್ ಆನ್. ಯಾರೋ ವಿಂಡೋ ತೆಗೆದಿಟ್ಟು ಹೋಗಿದಾರೆ, ಮಷೀನ್ ಲಾಕ್ ಆಗಿದೆ, ಕನೆಕ್ಷನ್ ಮಾತ್ರ ಜೀವಂತ.

ಕ್ಯೂ ಟೇಬಲ್‌ನಲ್ಲಿ ಜೀವಂತ ರೋ ಇನ್ನೂರು ಚಿಲ್ಲರೆ, ಡೆಡ್ ಟಪಲ್ ಹಲವು ಲಕ್ಷ. ತಮಾಷೆ ಅಂದ್ರೆ ಆಟೋವ್ಯಾಕ್ಯೂಮ್ ಲಾಗ್‌ನಲ್ಲಿ ನಿಮಿಷಕ್ಕೊಂದ್ಸಲ ಬಂದು ಹೋಗಿದೆ, ನಾನು ಮೊದಲು ಅದನ್ನ ನೋಡಿ "ಓಡ್ತಿದೆಯಲ್ಲ, ಸರಿ ಇದೆ" ಅಂತ ಮುಂದೆ ಹೋಗಿದ್ದು, ಎಷ್ಟು ತೆಗೀತು ಅನ್ನೋ ಸಾಲಲ್ಲಿ ಸೊನ್ನೆ ಇರೋದು ಈಗ ಕಣ್ಣಿಗೆ ಬಿತ್ತು. ಬಂದು, ಇಡೀ ಟೇಬಲ್ ಸುತ್ತಿ, ಏನೂ ತೆಗೆಯೋಕಾಗ್ದೆ ವಾಪಸ್, ಮತ್ತೆ ಮುಂದಿನ ನಿಮಿಷ. ಸಿಪಿಯು ಏರಿದ್ದಕ್ಕೆ ಇದೂ ಸೇರ್ಕೊಂಡಿದೆ.

ಆ ಒಂದು ಸೆಷನ್ ಟರ್ಮಿನೇಟ್ ಮಾಡಿದೆ, ವ್ಯಾಕ್ಯೂಮ್ ಓಡಿಸ್ದೆ, ಕ್ವೆರಿ ಮತ್ತೆ ಮಿಲಿಸೆಕೆಂಡ್‌ಗೆ ಬಂತು. ರೀಸ್ಟಾರ್ಟ್ ಇಲ್ಲ, ಮೆಮೊರಿ ಇಲ್ಲ. ಆಮೇಲೆ ಐಡಲ್ ಇನ್ ಟ್ರಾನ್ಸಾಕ್ಷನ್ ಸೆಷನ್ ಟೈಮೌಟ್ ಅನ್ನೋ ಸೆಟ್ಟಿಂಗ್‌ನ ಆ ರಿಪೋರ್ಟ್ ಯೂಸರ್‌ಗೆ ಮಾತ್ರ 15 ನಿಮಿಷ ಇಟ್ಟೆ, ಆಲ್ಟರ್ ರೋಲ್‌ನಲ್ಲಿ. ಇಡೀ ಸರ್ವರ್‌ಗೆ ಹಾಕೋಕೆ ಧೈರ್ಯ ಬರ್ಲಿಲ್ಲ.

ಖುಷಿಯಾಗಿ ಮ್ಯಾನೇಜರ್‌ಗೆ ಹೇಳಿದ್ರೆ "ಸೂಪರ್, ಆದ್ರೆ ರಾತ್ರಿ ರೀಸ್ಟಾರ್ಟ್ ಇರ್ಲಿ ಬಿಡಿ, ಒಳ್ಳೇದೇ ಅಲ್ವಾ" ಅಂದ್ರು. ನಗ್ಬೇಕೋ ಅಳ್ಬೇಕೋ.

ಕೋಡ್_ಕೂಲಿ:

ಭಲೇ. ಇದೇ ಸೆಷನ್ನು ನಮ್ಮ ರಿಲೀಸ್ ದಿನ ಇದ್ದಿದ್ರೆ ಏನಾಗ್ತಿತ್ತು ಗೊತ್ತಾ, ಅದನ್ನೂ ಹೇಳ್ಬಿಡ್ತೀನಿ. ಆ ರಿಪೋರ್ಟ್ ಓದಿರೋ ಟೇಬಲ್‌ಗೆ ನಾವು ಒಂದು ಕಾಲಂ ಸೇರಿಸೋಕೆ ಆಲ್ಟರ್ ಟೇಬಲ್ ಕೊಟ್ವಿ ಅಂತಿಟ್ಕೊಳ್ಳಿ. ಪೋಸ್ಟ್‌ಗ್ರೆಸ್ 11ನೇ ಆವೃತ್ತಿಯಿಂದ ಸಾಮಾನ್ಯ ಡೀಫಾಲ್ಟ್ ಜೊತೆ ಕಾಲಂ ಸೇರಿಸೋದು ಕ್ಷಣದ ಕೆಲಸ, ಟೇಬಲ್ ಪೂರಾ ತಿರುಗಿ ಬರೆಯಲ್ಲ, ಅದನ್ನ ನಂಬ್ಕೊಂಡು ಮಧ್ಯಾಹ್ನವೇ ಓಡಿಸ್ತೀವಿ. ಆದ್ರೆ ಕ್ಷಣಕ್ಕಾದ್ರೂ ಅದಕ್ಕೆ ಆಕ್ಸೆಸ್ ಎಕ್ಸ್‌ಕ್ಲೂಸಿವ್ ಲಾಕ್ ಬೇಕು, ಅಂದ್ರೆ ಆ ಹೊತ್ತು ಬೇರೆ ಯಾರೂ ಟೇಬಲ್ ಓದೋಕೂ ಆಗಲ್ಲ. ರಿಪೋರ್ಟ್ ಸೆಷನ್ ಓದೋ ಲಾಕ್ ಬಿಟ್ಟಿರಲ್ಲ, ಆಲ್ಟರ್ ಕಾಯುತ್ತೆ, ಅದರ ಹಿಂದೆ ಬಂದ ಪ್ರತಿ ಸೆಲೆಕ್ಟೂ ಆಲ್ಟರ್ ಹಿಂದೆ ಕಾಯುತ್ತೆ, ಕನೆಕ್ಷನ್ ಪೂಲ್ ಖಾಲಿ, ಸೈಟ್ ಡೌನ್. ಎಲ್ರೂ ಬೈಯೋದು ಆಲ್ಟರ್ ಕೊಟ್ಟ ಡೆವಲಪರ್‌ಗೆ. ಮೈಗ್ರೇಷನ್ (ಟೇಬಲ್ ರಚನೆ ಬದಲಾಯಿಸೋ ಸ್ಕ್ರಿಪ್ಟ್) ಮೊದಲ ಸಾಲಲ್ಲಿ ಲಾಕ್ ಟೈಮೌಟ್ ಎರಡು ಮೂರು ಸೆಕೆಂಡ್ ಅಂತ ಇಟ್ರೆ ಸಿಗ್ಲಿಲ್ಲ ಅಂದ್ರೆ ತಾನೇ ಬಿಟ್ಟು ಹೋಗುತ್ತೆ, ಮತ್ತೆ ಪ್ರಯತ್ನ ಮಾಡ್ಬಹುದು. ನಮ್ಮಲ್ಲಿ ಕೋಡ್ ರಿವ್ಯೂನಲ್ಲಿ ವೇರಿಯೇಬಲ್ ಹೆಸರಿಗೆ ಅರ್ಧ ಗಂಟೆ ಜಗಳ ಆಡ್ತಾರೆ, ಇದನ್ನ ಒಬ್ರೂ ಕೇಳಲ್ಲ.

ಹೊಸಬ:

ಸರ್ ನಾನು ಈಗಷ್ಟೇ ಸೇರಿರೋನು, ಒಂದು ಡೌಟು. ನಮ್ಮಲ್ಲಿ ಡಿಸ್ಕ್ ತುಂಬ್ತಿದೆ ಅಂತ ಹಳೇ ಲಾಗ್ ಟೇಬಲ್‌ನಿಂದ ಅರ್ಧಕ್ಕರ್ಧ ರೋ ಡಿಲೀಟ್ ಮಾಡಿದ್ರು, ಡಿಸ್ಕ್ ಒಂದು ಚೂರೂ ಖಾಲಿ ಆಗ್ಲಿಲ್ಲ, ಸೀನಿಯರ್ ಕೇಳಿದ್ರೆ "ರೀಸ್ಟಾರ್ಟ್ ಮಾಡಿ ನೋಡು" ಅಂದ್ರು. ಇದೂ ಅದೇ ತೊಂದರೆನಾ?

ಹಳೇ_ಡಿಬಿಎ:

@ಹೊಸಬ ಇದು ಆ ತೊಂದರಿಯ ಅಣ್ತಮ್ಮ, ಅದ ತೊಂದರಿ ಅಲ್ಲ. ರೀಸ್ಟಾರ್ಟ್ ಮಾಡಿದ್ರ ಒಂದು ಬೈಟೂ ಸಿಗಂಗಿಲ್ಲ. ವ್ಯಾಕ್ಯೂಮ್ ಸತ್ತ ರೋ ಜಾಗಾನ ಮುಂದಿನ ಇನ್‌ಸರ್ಟ್‌ಗೆ ಅಂತ ಖಾಲಿ ಮಾಡಿ ಇಡತೈತಿ, ಆಪರೇಟಿಂಗ್ ಸಿಸ್ಟಂಗೆ ವಾಪಸ್ ಕೊಡಂಗಿಲ್ಲ, ಫೈಲಿನ ಕೊನೀಗಿನ ಪೇಜುಗಳು ಪೂರಾ ಖಾಲಿ ಇದ್ರ ಅಷ್ಟ ಕತ್ತರಿಸತೈತಿ. ವ್ಯಾಕ್ಯೂಮ್ ಫುಲ್ ಮಾಡಿದ್ರ ಕೊಡತೈತಿ, ಆದ್ರ ಅದು ಟೇಬಲ್ಲಿಗೆ ಬೀಗ ಹಾಕಿ ಹೊಸಾ ಪ್ರತಿ ಬರೀತೈತಿ, ಅದಕ್ಕ ಮತ್ತಷ್ಟು ಡಿಸ್ಕ್ ಬೇಕು. ಡಿಸ್ಕ್ ತುಂಬೇತಿ ಅಂತ ಮಾಡೂ ಕೆಲಸಕ್ಕ ಡಿಸ್ಕ್ ಬೇಕಂದ್ರ ಏನ್ ಮಾಡ್ತಿ. ಲಾಗ್ ಟೇಬಲ್ ಮುಂದಿನ ಸಲ ತಿಂಗಳ ಪ್ರಕಾರ ಪಾರ್ಟಿಷನ್ (ತುಂಡು ತುಂಡು) ಮಾಡಿಡು, ಹಳೇ ತಿಂಗಳು ಬ್ಯಾಡಾದ್ರ ಡ್ರಾಪ್ ಮಾಡು, ಜಾಗ ಕೂಡ್ಲೆ ಸಿಗತೈತಿ, ಸತ್ತ ರೋ ಅನ್ನೋ ಮಾತ ಬರಂಗಿಲ್ಲ. ನಿನ್ನ ಸೀನಿಯರ್‌ಗೆ ಹೇಳಾಕ ಹೋಗಬ್ಯಾಡ, ಮಾಡಿ ತೋರಿಸು.

@ರಾತ್ರಿಪಾಳಿ ಮ್ಯಾನೇಜರ್ ಕೂಡ ವಾದ ಮಾಡಬ್ಯಾಡ. ಆಟೋವ್ಯಾಕ್ಯೂಮ್ ಅಂದ್ರ ಅವರಿಗೆ ತಿಳಿಯೂದಿಲ್ಲ, ತಿಳೀಬೇಕು ಅಂತನೂ ಇಲ್ಲ. ರೀಸ್ಟಾರ್ಟ್ ಮಾಡಿದ ಮ್ಯಾಲೆ ಶೇರ್ಡ್ ಬಫರ್ (ಓದಿದ ಡೇಟಾ ಇಟ್ಟುಕೊಳ್ಳೋ ಮೆಮೊರಿ) ಖಾಲಿ ಆಗಿರತೈತಿ, ಮುಂಜಾನೆ ಮೊದಲಿಗೆ ಅದನ್ನ ಮತ್ತ ಓದಿ ತುಂಬಿಸಬೇಕು, ಆ ಹೊತ್ತಿನ್ಯಾಗ ಲಾಗಿನ್ ಪೇಜ್ ಎಷ್ಟು ತಡ ಆಗತೈತಿ ಅಂತ ಒಂದು ಗ್ರಾಫ್ ತೆಗಿ. ರಾತ್ರಿ ಓಡೋ ಬ್ಯಾಚ್ ಕೆಲಸ ರೀಸ್ಟಾರ್ಟ್‌ನಿಂದ ಎಷ್ಟು ಸಲ ನಡುವ ಬಿದ್ದಾವ ಅಂತ ಲಾಗ್ ನೋಡು, ಬಿದ್ದ ಬಿದ್ದಿರತಾವ. ಅದನ್ನ ಅವರ ಮುಂದ ಇಡು. ಮತ್ತ ಎಲ್ಲಾಕಿಂತ ಹಳೇ ಟ್ರಾನ್ಸಾಕ್ಷನ್ ಅರ್ಧ ತಾಸು ದಾಟಿದ್ರ ನಿನಗ ಮೆಸೇಜ್ ಬರೂ ಹಂಗ ಒಂದು ಅಲರ್ಟ್ ಹಾಕು, ಸಿಪಿಯು ಅಲರ್ಟ್ ಬರೂ ಹೊತ್ತಿಗೆ ತಡ ಆಗಿರತೈತಿ.

ಬೇಗ_ಮನೆಗೆ:

ನಾನು ಹೇಳಿದ್ದು ವಾಪಸ್ ತಗೊಳ್ಳಲ್ಲ, ಪ್ರಮೋಷನ್ ಬಂದ್ರೆ ಇಲ್ಲಿ ಹಾಕಿ ನೋಡೋಣ.

ಆದ್ರೆ ಆ ಅಲರ್ಟ್ ಕ್ವೆರಿ ಇದ್ರೆ ಯಾರಾದ್ರೂ ಕಳ್ಸಿ.

ರಾತ್ರಿಪಾಳಿ:

ಕ್ವೆರಿ ಏನೂ ಇಲ್ಲ ಗುರು, ಪಿಜಿ ಸ್ಟ್ಯಾಟ್ ಆ್ಯಕ್ಟಿವಿಟಿಯಿಂದ ಎಕ್ಸ್‌ಆ್ಯಕ್ಟ್ ಸ್ಟಾರ್ಟ್ ಇರೋದ್ರಲ್ಲಿ ಚಿಕ್ಕದು ತೆಗಿ, ಈಗಿನ ಸಮಯದಿಂದ ಕಳಿ, ಅರ್ಧ ಗಂಟೆ ಮೀರಿದ್ರೆ ಕೂಗು. ಆಟೋವ್ಯಾಕ್ಯೂಮ್ ಮತ್ತೆ ಬ್ಯಾಕಪ್ ಸೆಷನ್‌ಗಳನ್ನ ಹೊರಗಿಡಿ, ಇಲ್ಲಾಂದ್ರೆ ರಾತ್ರಿ ಪೂರ್ತಿ ಕೂಗ್ತಾನೇ ಇರುತ್ತೆ.

ಹಳೇ_ಡಿಬಿಎ ಸರ್, ಲಾಗ್ ತೆಗೆದು ನೋಡ್ದೆ, ನೀವು ಹೇಳಿದ ಹಾಗೇ ರಾತ್ರಿಯ ಇನ್‌ವಾಯ್ಸ್ ಬ್ಯಾಚ್ ರೀಸ್ಟಾರ್ಟ್ ಹೊತ್ತಿಗೆ ಸರಿಯಾಗಿ ಬಿದ್ದು, ಮತ್ತೆ ಮೊದಲಿಂದ ಓಡಿ ಬೆಳಿಗ್ಗೆ ತಡವಾಗಿ ಮುಗೀತಿತ್ತು. ಆ ತಡಕ್ಕೂ ನನ್ನ ಹೆಸರಿಗೇ ಟಿಕೆಟ್ ಇತ್ತು. ಗ್ರಾಫ್ ರೆಡಿ ಮಾಡ್ತಿದೀನಿ, ಸೋಮವಾರ ಮೀಟಿಂಗ್.

ಅಷ್ಟರಲ್ಲಿ ರಿಪೋರ್ಟ್ ಟೀಮ್‌ನಿಂದ ಹೊಸ ಟಿಕೆಟ್ ಬಂದಿದೆ, ಊಟಕ್ಕೆ ಹೋಗಿ ಬರೋದ್ರೊಳಗೆ ಕನೆಕ್ಷನ್ ಕಟ್ ಆಗ್ತಿದೆ ಅಂತ. ವರದಿ_ಅಕ್ಕ, ಪುಟಗಳ ಒಟ್ಟು ಹೊಂದ್ಬೇಕು, ಆದ್ರೆ ಟ್ರಾನ್ಸಾಕ್ಷನ್ ತೆರೆದಿರಬಾರ್ದು, ಇದಕ್ಕೆ ನಿಮ್ಮ ಕಡೆ ಏನ್ ಮಾಡ್ತೀರ?

ವರದಿ_ಅಕ್ಕ:

ರಿಪೋರ್ಟ್ ಶುರುವಾದಾಗ ಬೇಕಾದ್ದೆಲ್ಲಾ ಒಂದೇ ಕ್ವೆರಿಲಿ ಎಳೆದು ಬೇರೆ ಟೇಬಲ್‌ಗೆ ಹಾಕಿ ಕಮಿಟ್ ಮಾಡ್ಬಿಡ್ತೀವಿ. ಪುಟಗಳೆಲ್ಲಾ ಆ ಟೇಬಲ್‌ನಿಂದ. ಕೆಲವು ಟೂಲ್‌ಗಳಲ್ಲಿ ಎಕ್ಸ್‌ಟ್ರಾಕ್ಟ್ ಅಂತ ಅದೇ ಸೌಲಭ್ಯ ಇರುತ್ತೆ, ಆನ್ ಮಾಡೋದಷ್ಟೇ. ನಿಮ್ಮ ಟಿಕೆಟ್ ಹಾಕಿದವ್ರಿಗೆ ಇದನ್ನ ತೋರಿಸಿ, ಟೈಮೌಟ್ ಮಾತ್ರ ತೆಗೀಬೇಡಿ, ಎಷ್ಟೇ ಗಲಾಟೆ ಮಾಡಿದ್ರೂ.